ಎರಡೂವರೆ ಗ್ರಾಂ ಗುಂಡು, ಒಂದೂವರೆ ಕಿಲೋಮೀಟರ್ ದಾರಿ

ಜಾತ್ರೆಯಲ್ಲಿ ಬಲೂನಿಗೆ ಗುರಿ ಇಡದ ಹುಡುಗ ದುರ್ಗದ ಸೀಮೆಯಲ್ಲಿ ಸಿಗುವುದು ಕಷ್ಟ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿರಲಿ, ಹಿರಿಯೂರು ತೇರುಮಲ್ಲೇಶ್ವರನ ಜಾತ್ರೆಯಿರಲಿ, ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನಲ್ಲಿ ಬಲೂನು ಕಟ್ಟಿದ ಹಲಗೆ, ಅದರ ಮುಂದೊಂದು ಏರ್‌ಗನ್ನು. ಐದಕ್ಕೆ ನಾಲ್ಕು ಒಡೆದವನು ವಾಪಸ್ ಬರುವ ಬಸ್ಸಿನಲ್ಲಿ ಸುಮ್ಮನೆ ಕೂರುವುದಿಲ್ಲ. "ನನ್ ಕೈಗೆ ಒಂದ್ ನಿಜವಾದ ರೈಫಲ್ ಕೊಟ್ ನೋಡ್ರಿ, ಆ ಗುಡ್ಡದ್ ಮೇಲಿನ್ ಕಾಯಿ ಉದುರಿಸ್ತೀನಿ" ಎನ್ನುತ್ತಾನೆ. ಕಂಡಕ್ಟರ್ ನಗುತ್ತಾನೆ. ಬಸ್ಸೆಲ್ಲ ನಗುತ್ತದೆ.

ಮಾತು ತಮಾಷೆಯದೇ. ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಸಣ್ಣ ರೈಫಲ್ಲಿನಿಂದ ಎಷ್ಟು ದೂರದವರೆಗೆ ಗುರಿ ಹೊಡೆಯಬಹುದು? ಅದರ ಗುಂಡು ಎಷ್ಟು ದೂರ ಹೋಗುತ್ತದೆ? ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಒಂದೇ ಅಲ್ಲ. ಎರಡು ಉತ್ತರಗಳ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚಿನ ಅಂತರವಿದೆ. ಅಪಾಯ ಇರುವುದು ಆ ಅಂತರದಲ್ಲಿ.

ಅಂಗಿ ಗುಂಡಿಯಷ್ಟು ಗುರಿ

ಸಣ್ಣ ರೈಫಲ್ ಎಂದರೆ ಎನ್‌ಸಿಸಿ ಹುಡುಗರು "ಪಾಯಿಂಟ್ ಟೂ ಟೂ" ಎಂದು ಕರೆಯುವುದು. ನಳಿಗೆಯ ಬಾಯಿ ಒಂದು ಅಂಗುಲದ ನೂರರಲ್ಲಿ 22 ಪಾಲು, ಅಂದರೆ ಸುಮಾರು ಐದೂವರೆ ಮಿಲಿಮೀಟರ್. ಅದರ ಸೀಸದ ಗುಂಡು ತೂಗುವುದು ಎರಡೂವರೆ ಗ್ರಾಂ ಚಿಲ್ಲರೆ. ಅಕ್ಕಸಾಲಿಗರ ತಕ್ಕಡಿಗೆ ಹಾಕಿದರೆ ಒಂದು ಸಣ್ಣ ಉಂಗುರದ ತೂಕ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ 330 ಮೀಟರಿನ ಆಸುಪಾಸು, ಹೆಚ್ಚು ಕಡಿಮೆ ಶಬ್ದದ ವೇಗ.

ದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು. ಆ ಕಾಲದ ಸಿಪಾಯಿಗಳ ಬಂದೂಕಿನ ನಳಿಗೆ ಒಳಗೆಲ್ಲ ನಯ. ಗುಂಡು ನೂರು ಗಜ ದಾಟಿತೆಂದರೆ ದೇವರೇ ಗತಿ, ಯಾರಿಗೆ ಬಡಿಯುತ್ತದೋ ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲ. ರೈಫಲ್ ಹಾಗಲ್ಲ. ಅದರ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಬುಗುರಿಯಂತೆ ಗಿರ್ರನೆ ತಿರುಗುತ್ತಾ ಹೊರಡುತ್ತದೆ. ತಿರುಗುವ ಬುಗುರಿ ಬೀಳುವುದಿಲ್ಲ, ತಿರುಗುವ ಗುಂಡು ವಾಲುವುದಿಲ್ಲ.

ಅದಕ್ಕೇ ಈ ಪುಟ್ಟ ರೈಫಲ್ಲಿನಲ್ಲಿ ಅಷ್ಟು ನಿಖರತೆ. ಒಲಿಂಪಿಕ್ಸ್‌ನಲ್ಲಿ ಇದರ ಗುರಿ 50 ಮೀಟರ್ ದೂರ. ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಅಂಗಿಯ ಗುಂಡಿಯಷ್ಟು! ರಸ್ತೆಯ ಈ ತುದಿಯಲ್ಲಿ ಮಲಗಿ, ಆ ತುದಿಯ ಅಂಗಡಿಯವರ ಅಂಗಿ ಗುಂಡಿಗೆ ಗುರಿ ಇಟ್ಟಂತೆ. ಪಳಗಿದವರು ಒಂದರ ಮೇಲೊಂದು ಅಲ್ಲೇ ಇಳಿಸುತ್ತಾರೆ.

ದುರ್ಗದ ಗಾಳಿ ಬಿಡಬೇಕಲ್ಲ!

ಸರಿ, 50 ಮೀಟರ್ ಆಯಿತು. ಗುರಿಯನ್ನು ಹಿಂದಕ್ಕೆ ಸರಿಸಿದರೆ? ಅಮೆರಿಕದಂಥ ದೇಶಗಳಲ್ಲಿ ಇದೇ ಪಾಯಿಂಟ್ 22 ಹಿಡಿದು 200 ಮೀಟರ್, 300 ಮೀಟರ್, ಅದಕ್ಕೂ ದೂರದ ಕಬ್ಬಿಣದ ತಟ್ಟೆಗಳಿಗೆ ಹೊಡೆಯುವ ಸ್ಪರ್ಧೆಗಳು ಈಚಿನ ವರ್ಷಗಳಲ್ಲಿ ಬೆಳೆದಿವೆ. ದೊಡ್ಡ ರೈಫಲ್ಲಿನ ಒಂದು ತೋಟಾದ ಬೆಲೆಗೆ ಇದರ ಎಷ್ಟೋ ತೋಟಾ ಬರುತ್ತವೆ, ಭುಜಕ್ಕೆ ಒದೆಯುವುದಿಲ್ಲ. ಸಾವಿರ ಮೀಟರಿನ ಪಾಠವನ್ನು ಇನ್ನೂರು ಮೀಟರಿನಲ್ಲೇ ಕಲಿಯಬಹುದು ಎನ್ನುವುದು ಅವರ ಲೆಕ್ಕ.

ಆ ಪಾಠ ಏನು? ಮೊದಲನೆಯದು, ಗುಂಡು ನೆಟ್ಟಗೆ ಹೋಗುವುದಿಲ್ಲ. ಎಸೆದ ಕಲ್ಲಿನಂತೆ ಬಾಗುತ್ತದೆ. 50 ಮೀಟರಿಗೆ ಸರಿಮಾಡಿದ ರೈಫಲ್ಲನ್ನು ಹಾಗೇ ಹಿಡಿದು 100 ಮೀಟರಿಗೆ ಹೊಡೆದರೆ ಗುಂಡು ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. 200 ಮೀಟರಿನಲ್ಲಿ ಕೆಳಗೆ ಬೀಳುವುದು ಹೆಚ್ಚು ಕಡಿಮೆ ಆಳೆತ್ತರ! ದೂರ ಎರಡರಷ್ಟಾಯಿತು, ಬೀಳುವುದು ಏಳೆಂಟರಷ್ಟಾಯಿತು.

ಎರಡನೆಯ ಪಾಠ ಗಾಳಿಯದು. ಇದನ್ನು ದುರ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಗಿಮಟ್ಟಿ ಸಾಲಿನಲ್ಲಿ, ಹೊಸದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಇಲ್ಲಿ ಗಾಳಿ ಇದೆ ಅಂತಲೇ ಅವು ಬಂದದ್ದು. ಗಂಟೆಗೆ 16 ಕಿಲೋಮೀಟರಿನ ಗಾಳಿ ಅಡ್ಡ ಬೀಸಿದರೆ (ಆಷಾಢದಲ್ಲಿ ಅದನ್ನು ಗಾಳಿ ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲ), ಈ ಗುಂಡು 50 ಮೀಟರಿನಲ್ಲಿ ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹತ್ತು ಅಂಕ ಅಲ್ಲಿಗೇ ಕೈಬಿಟ್ಟ ಹಾಗೆ. 100 ಮೀಟರಿನಲ್ಲಿ ಐದಾರು ಬೆರಳಗಲ, 200 ಮೀಟರಿನಲ್ಲಿ ಒಂದು ಮೊಳದ ಹತ್ತಿರ. ಗುಂಡು ಅಲ್ಲಿಗೆ ಮುಟ್ಟಲು ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿದರೆ ಹೊಡೆದವನ ಲೆಕ್ಕವೆಲ್ಲ ತಲೆಕೆಳಗು. ಹಾಗಾಗಿಯೇ ಬಯಲು ರೇಂಜುಗಳಲ್ಲಿ ಗುರಿಯ ದಾರಿಯುದ್ದಕ್ಕೂ ಸಣ್ಣ ಸಣ್ಣ ಬಾವುಟ ನೆಟ್ಟಿರುತ್ತಾರೆ. ಗುರಿಕಾರ ಗುರಿಗಿಂತ ಹೆಚ್ಚು ಹೊತ್ತು ಬಾವುಟ ನೋಡುತ್ತಾನೆ.

ಸೈನ್ಯಕ್ಕೂ ಇದೇ ತಾಪತ್ರಯ

"ಹಂಗಾದ್ರೆ ಸೈನಿಕರ ರೈಫಲ್ಲೂ ಸಣ್ಣದೇ ಅಲ್ವಾ?" ಎಂದು ಕೇಳುವವರಿದ್ದಾರೆ. ಹೌದು. 1990ರ ದಶಕದಲ್ಲಿ ನಮ್ಮ ಸೈನ್ಯ 7.62 ಮಿಲಿಮೀಟರಿನ ಎಸ್‌ಎಲ್‌ಆರ್ ಬಿಟ್ಟು 5.56 ಮಿಲಿಮೀಟರಿನ ಇನ್ಸಾಸ್ ಹಿಡಿಯಿತು. ಬಾಯಿ ಅಳತೆಯಲ್ಲಿ ಅದು ಪಾಯಿಂಟ್ 22ರ ಅಣ್ಣತಮ್ಮನೇ. ಆದರೆ ಹಿಂದೆ ತುಂಬುವ ಮದ್ದು ಬಹಳ ಹೆಚ್ಚು, ವೇಗ ಸೆಕೆಂಡಿಗೆ 900 ಮೀಟರ್. ತೋಟಾ ಹಗುರ, ಸೈನಿಕ ಹೆಚ್ಚು ಹೊರಬಹುದು ಎನ್ನುವುದು ಲಾಭ. ದೂರ ಹೋದಂತೆ ಸಣ್ಣ ಗುಂಡಿನ ಕಸುವು ಬೇಗ ಇಳಿಯುತ್ತದೆ ಎನ್ನುವುದು ನಷ್ಟ. 2019ರಲ್ಲಿ ಸೈನ್ಯ 72,400 ಸಿಗ್ 716 ರೈಫಲ್ಲುಗಳಿಗೆ ಒಪ್ಪಂದ ಮಾಡಿಕೊಂಡಾಗ ಮತ್ತೆ 7.62ಕ್ಕೇ ಮರಳಿತು. ಲಕ್ಷಾಂತರ ರೂಪಾಯಿ ತರಬೇತಿ ಪಡೆದ ಸೈನಿಕನಿಗೇ ಸಣ್ಣ ಗುಂಡು, ದೊಡ್ಡ ದೂರ ಎರಡೂ ಒಟ್ಟಿಗೆ ಒಗ್ಗುವುದು ಕಷ್ಟ ಎಂದಮೇಲೆ ಜಾತ್ರೆಯ ಗುರಿಕಾರರ ಪಾಡೇನು?

ಗುರಿ ಮುಗಿದರೂ ಗುಂಡು ಮುಗಿಯದು

ಈಗ ಎರಡನೆಯ ಪ್ರಶ್ನೆ. ಇನ್ನೂರು ಮೀಟರಿನಲ್ಲಿ ಗುರಿ ತಪ್ಪಿದ ಗುಂಡು ಅಲ್ಲೇ ಸಾಯುತ್ತದೆಯೇ? ಇಲ್ಲ. ನಳಿಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಾರಿಸಿದರೆ ಆ ಎರಡೂವರೆ ಗ್ರಾಂ ಸೀಸ ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು. ಹೈಸ್ಕೂಲು ಹುಡುಗರು ಓಡುವ 400 ಮೀಟರಿನ ಸುತ್ತನ್ನು ಬಿಚ್ಚಿ, ನಾಲ್ಕು ಸುತ್ತು ಒಂದರ ಮುಂದೊಂದು ನೇರ ಇಟ್ಟರೆ ಎಷ್ಟಾಗುತ್ತದೋ ಹೆಚ್ಚು ಕಡಿಮೆ ಅಷ್ಟು. ಊರಾಚೆಯ ಹೊಲದಲ್ಲಿ ಹಾರಿಸಿದ್ದು ಊರೊಳಗಿನ ಬಸ್ ಸ್ಟ್ಯಾಂಡಿಗೆ ಬರಬಹುದು. ಗುರಿ ಹೊಡೆಯಲು ಬಾರದಷ್ಟು ದೂರದಲ್ಲೂ ಮನುಷ್ಯನನ್ನು ಗಾಯ ಮಾಡಲು ಬರುತ್ತದೆ.

ಇನ್ನೊಂದು ಮಾತು ದುರ್ಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ ಎತ್ತ ತಿರುಗಿದರೂ ಬಂಡೆ. ನಿಧಾನ ವೇಗದ ಸೀಸದ ಗುಂಡು ಬಂಡೆಗೆ ಓರೆಯಾಗಿ ತಾಗಿದರೆ ಒಡೆದು ನಿಲ್ಲುವುದಕ್ಕಿಂತ ಸಿಡಿದು ಇನ್ನೊಂದು ದಿಕ್ಕಿಗೆ ಹಾರುವುದೇ ಹೆಚ್ಚು. ನೀರೂ ಹಾಗೆಯೇ. ಕೆರೆಯ ಮೇಲೆ ಚಪ್ಪಟೆ ಕಲ್ಲು ಎಸೆದು ಕಪ್ಪೆ ಹಾರಿಸಿದವರಿಗೆ ಗೊತ್ತು. ಮಾರಿಕಣಿವೆಯ ಹಿನ್ನೀರಿನ ಕಡೆಗೆ ಹಾರಿಸಿದ ಗುಂಡು ನೀರಲ್ಲಿ ಮುಳುಗುತ್ತದೆ ಎಂದು ನಂಬುವುದು ಮೂರ್ಖತನ, ಆಚೆ ದಡದಲ್ಲಿ ದನ ಕಾಯುವವರಿರುತ್ತಾರೆ.

ಸರಿಯಾದ ರೇಂಜಿಗೂ ಬರೀ ಬಯಲಿಗೂ ವ್ಯತ್ಯಾಸ ಇಷ್ಟೇ: ರೇಂಜಿನಲ್ಲಿ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುತ್ತದೆ. ಕಲ್ಲಿಲ್ಲದ ಮಣ್ಣು. ತಪ್ಪಿದ ಗುಂಡನ್ನು ಅದು ನುಂಗುತ್ತದೆ.

ಹಂದಿ ಕಾಟಕ್ಕೆ ಇದು ಮದ್ದಲ್ಲ

ಹೊಳಲ್ಕೆರೆ, ಹೊಸದುರ್ಗದ ಮೆಕ್ಕೆಜೋಳದ ಹೊಲದವರು, ಹಿರಿಯೂರಿನ ಶೇಂಗಾ ಬೆಳೆಗಾರರು ಕೇಳುವುದೇ ಬೇರೆ. "ರಾತ್ರಿಯೆಲ್ಲಾ ಕಾಡುಹಂದಿ. ಒಂದ್ ಸಣ್ಣ ರೈಫಲ್ ಇದ್ರೆ ದೂರದಿಂದ್ಲೇ ಓಡಿಸ್ಬೋದಲ್ಲಾ?" ಅವರ ಸಂಕಟ ಸುಳ್ಳಲ್ಲ. ಒಂದೇ ರಾತ್ರಿಗೆ ಹೊಲ ಉತ್ತಂತೆ ಮಾಡಿ ಹೋಗುವ ಪ್ರಾಣಿ ಅದು. ಆದರೆ ಪಾಯಿಂಟ್ 22 ಅದಕ್ಕೆ ಸಾಲದು. ಗುಂಡು ತಿಂದ ಹಂದಿ ಸಾಯದೆ ಗಾಯಗೊಂಡು ಪೊದೆ ಸೇರುತ್ತದೆ. ಬೆಳಿಗ್ಗೆ ಹುಲ್ಲಿಗೆ ಹೋದ ಹೆಣ್ಣುಮಗಳ ಮೇಲೆ ಬೀಳುತ್ತದೆ. ಜೊತೆಗೆ ಕತ್ತಲಲ್ಲಿ ತಪ್ಪಿದ ಗುಂಡು ಪಕ್ಕದ ಹೊಲದಲ್ಲಿ ಕಾವಲು ಮಲಗಿದವನ ಕಡೆಗೆ ಹೋಗುತ್ತದೆ.

ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು. 1959ರ ಆಯುಧ ಕಾಯ್ದೆಯ 13ನೇ ಕಲಮು ನೋಡಿ. ಬೆಳೆ ರಕ್ಷಣೆಗೆ ಅದು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿ. ಅದರ ಸಣ್ಣ ಚರೆ ಇನ್ನೂರು ಮುನ್ನೂರು ಗಜದೊಳಗೆ ನೆಲ ಮುಟ್ಟುತ್ತದೆ. ಪಾಯಿಂಟ್ 22 ರೈಫಲ್ಲಿನ ಹೆಸರು ಬರುವುದು ಅಲ್ಲೇ, ಆದರೆ ಬೇರೆ ಸಾಲಿನಲ್ಲಿ: ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸ ಮಾಡುವುದಕ್ಕೆ. ಹೊಲಕ್ಕೊಂದು, ಆಟಕ್ಕೊಂದು ಎಂದು ಕಾಯ್ದೆಯೇ ಬೇರೆ ಮಾಡಿಟ್ಟಿದೆ. ಇನ್ನು ಕೋವಿ ಲೈಸೆನ್ಸ್ ಇದೆ ಎಂದಮಾತ್ರಕ್ಕೆ ಹಂದಿ ಹೊಡೆಯಬಹುದು ಎಂದೂ ಅಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಂತೆ ಅದಕ್ಕೆ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಬರಹದ ಅಪ್ಪಣೆ ಬೇಕು. ನವಿಲು, ಕೃಷ್ಣಮೃಗದ ತಂಟೆಗೆ ಹೋದವರ ಗತಿಯಂತೂ ಕೇಳುವುದೇ ಬೇಡ.

ಮದುವೆ, ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಶೂರರಿಗೂ 2019ರ ತಿದ್ದುಪಡಿ ಒಂದು ಕಲಮು ಸೇರಿಸಿದೆ. ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಹಾರಿಸಿ ಬೇರೆಯವರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಗೆ ಹಾಕುವ ಗುಂಡಿಗೂ ಹೊರಗೆ ಹಾರಿಸುವ ಗುಂಡಿಗೂ ನಂಟು ಬೆಳೆಸಿದರೆ ಹೀಗೇ ಆಗುವುದು.

ಹುಡುಗರಿಗೆ ದಾರಿ ಇದೆ

ಹಾಗೆಂದು ಈ ರೈಫಲ್ಲನ್ನು ಕಂಡು ಹೆದರಬೇಕಾದ್ದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಕಾಲಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ನಡೆಯುತ್ತದೆ, ಪಾಯಿಂಟ್ 22ಕ್ಕೆ ಅಲ್ಲಿ ಬೇರೆ ವಿಭಾಗವೇ ಇದೆ. ಹೆಂಗಸರೂ ಹೊಡೆಯುತ್ತಾರೆ. ನಮ್ಮ ಗಡಿಯಾಚೆಯ ಕೊಲ್ಹಾಪುರದ ಕಡೆ ನೋಡಿ. ಅಲ್ಲಿಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ಮಲಗಿ ಹೊಡೆಯುವ 50 ಮೀಟರ್ ರೈಫಲ್ಲಿನಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಹಳ್ಳಿಯ ಹುಡುಗ, ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನ ಮೂರು ಭಂಗಿಯ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ತಂದರು. ಮಂಡಿಯೂರಿ, ಮಲಗಿ, ನಿಂತು, ಮೂರೂ ಬಗೆಯಲ್ಲಿ ಹೊಡೆಯಬೇಕಾದ ಆಟ ಅದು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲು ಹಿಡಿದಿದ್ದರು, ಅದೂ ಪಾಯಿಂಟ್ 22ರದೇ.

ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹುಡುಗ ಹುಡುಗಿಯರಿಗೆ ಮೊದಲ ಮೆಟ್ಟಿಲು ಎನ್‌ಸಿಸಿ. ಅಲ್ಲಿ ಗುಂಡಿಗಿಂತ ಮೊದಲು ಶಿಸ್ತು ಕಲಿಸುತ್ತಾರೆ: ತುಂಬಿದೆಯೋ ಇಲ್ಲವೋ, ಎಲ್ಲ ಕೋವಿಯೂ ತುಂಬಿದೆ ಎಂದೇ ತಿಳಿ, ಹೊಡೆಯುವ ತನಕ ಬೆರಳು ಟ್ರಿಗರಿಗೆ ಬೇಡ, ಗುರಿಯ ಹಿಂದೆ ಏನಿದೆ ನೋಡಿಕೋ. ಆಸಕ್ತಿ ಉಳಿದರೆ ಹತ್ತು ಮೀಟರಿನ ಏರ್ ರೈಫಲ್, ಅದು ಪಳಗಿದ ಮೇಲೆ ಕ್ಲಬ್ಬು, ಆಮೇಲೆ ಪಾಯಿಂಟ್ 22. ಹತ್ತು ಮೀಟರಿನ ಅಭ್ಯಾಸಕ್ಕೆ ದೊಡ್ಡ ಜಾಗ ಬೇಡ, ಶಾಲೆಯ ಒಂದು ಉದ್ದನೆಯ ಕೊಠಡಿ, ಗಟ್ಟಿ ಗೋಡೆ, ಕಲಿಸುವವರೊಬ್ಬರು ಇದ್ದರೆ ಆಯಿತು. ಜಿಲ್ಲೆಯ ಕ್ರೀಡೆಯ ಬಗ್ಗೆ ಭಾಷಣ ಮಾಡುವ ಹಿರಿಯರು ಕಬಡ್ಡಿ, ವಾಲಿಬಾಲಿನ ಪಕ್ಕದಲ್ಲಿ ಇದಕ್ಕೂ ಒಂದು ಮೂಲೆ ಕೊಡಿಸಿದರೆ ನಷ್ಟವೇನೂ ಇಲ್ಲ.

ಬಸ್ಸಿನ ಶೂರರಿಗೆ ಹೇಳುವುದು ಇಷ್ಟೇ. ದೂರ ಹೊಡೆಯುವುದು ದೊಡ್ಡ ವಿದ್ಯೆ, ಸಂಶಯವಿಲ್ಲ. ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿಲ್ಲದ ಗುಂಡನ್ನು ಬಿಡದೇ ಇರುವುದು ಅದಕ್ಕಿಂತ ದೊಡ್ಡ ವಿದ್ಯೆ.