ಕಾಡುಹಂದಿ: ಕೋವಿ ಹಿಡಿಯುವ ಮುನ್ನ

ಸಂಜೆ ನೋಡಿದಾಗ ಸೊಂಪಾಗಿದ್ದ ಮರಗೆಣಸಿನ ಸಾಲು ಬೆಳಗಾಗುವಾಗ ಬುಡಮೇಲಾಗಿರುತ್ತದೆ. ಕೆಸು, ಸುವರ್ಣಗೆಡ್ಡೆ ಇದ್ದಲ್ಲಿ ಹೊಂಡ ಮಾತ್ರ ಉಳಿದಿರುತ್ತದೆ. ಅಡಿಕೆ ಸಸಿ, ಬಾಳೆಕಂದು, ಹಾಲು ತುಂಬಿದ ಭತ್ತದ ತೆನೆ, ಯಾವುದನ್ನೂ ಹಂದಿ ಬಿಡುವುದಿಲ್ಲ. ಕಾರಡ್ಕ, ದೇಲಂಪಾಡಿ, ಎಣ್ಮಕಜೆಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. "ಹಂದಿಯನ್ನು ಹೊಡೆಯುವುದು ಹೇಗೆ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ಹಂದಿ ಹಗಲಲ್ಲಿ ಎಲ್ಲಿರುತ್ತದೆ?

ಹಂದಿಗೆ ಬೇಕಾದದ್ದು ಮೂರೇ: ಅಡಗಲು ಪೊದೆ, ಹೊರಳಲು ಕೆಸರು, ತಿನ್ನಲು ಆಹಾರ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಬಿಸಿಲೇರಿದಾಗ ನೆರಳು, ಕೆಸರು ಇಲ್ಲದೆ ಅದು ಬಾಳಲಾರದು. ತೋಡಿನ ಬದಿಯ ಮುಂಡುಕನ ಹಿಂಡಿಲು, ಕಾಡು ಬೆಳೆದ ರಬ್ಬರ್ ತೋಟ, ಕೆಳಗಿನ ಪೊದೆ ಸವರದೆ ಬಿಟ್ಟ ಗೇರುಗುಡ್ಡೆ, ಹಡಿಲು ಬಿದ್ದ ಗದ್ದೆ, ಇವೆಲ್ಲ ಅದರ ಹಗಲಿನ ಮನೆಗಳು. ಹಂದಿ ಕಾಡಿನಿಂದಲೇ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಅದು ಮಲಗಿರುವುದು ನಮ್ಮದೇ ತೋಟದ ಅಂಚಿನಲ್ಲಿ.

ಇನ್ನು ಅದರ ಸಂಸಾರ. ಹೆಣ್ಣುಹಂದಿಗಳು ಮರಿಗಳೊಡನೆ ಹಿಂಡು ಕಟ್ಟಿಕೊಂಡಿರುತ್ತವೆ. ವಯಸ್ಸಾದ ಹೆಣ್ಣೇ ಮುಂದಾಳು. ಬೆಳೆದ ಗಂಡು ಸಾಮಾನ್ಯವಾಗಿ ಒಂಟಿ, ಬೆದೆಯ ಕಾಲದಲ್ಲಿ ಮಾತ್ರ ಹಿಂಡನ್ನು ಸೇರುತ್ತದೆ. ಗರ್ಭದ ಅವಧಿ ನಾಲ್ಕು ತಿಂಗಳಿಗೂ ಕಡಿಮೆ, ಸುಮಾರು 115 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಎಳೆಮರಿಗಳ ಮೈಮೇಲೆ ಉದ್ದುದ್ದ ಗೆರೆಗಳಿದ್ದು, ಕೆಲವು ತಿಂಗಳಲ್ಲಿ ಮಾಸಿಹೋಗುತ್ತವೆ. ಒಂದು, ಒಂದೂವರೆ ವರ್ಷಕ್ಕೆ ಆ ಮರಿಗಳೂ ತಾಯಿಯಾಗಬಲ್ಲವು. ಈ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಹಂದಿ ಬಿದ್ದ ಮಾತ್ರಕ್ಕೆ ಪೊದೆಯೂ ಕೆಸರೂ ಇಲ್ಲವಾಗುವುದಿಲ್ಲ. ಅವು ಇರುವಷ್ಟು ಕಾಲ ಆ ಜಾಗಕ್ಕೆ ಮತ್ತೊಂದು ಹಂದಿ ಬಂದೇ ಬರುತ್ತದೆ.

ಜಾಡು ನೋಡಲು ಕಲಿತವರಿಗೆ ಹಂದಿಯ ದಿನಚರಿ ನೆಲದ ಮೇಲೆಯೇ ಕಾಣುತ್ತದೆ. ಟಿಲ್ಲರ್ ಓಡಿಸಿದಂತೆ ಮಣ್ಣು ಮಗುಚಿದ್ದರೆ ಅದು ಮೂತಿಯಿಂದ ಅಗೆದದ್ದು. ಗೆಡ್ಡೆ, ಎರೆಹುಳ, ಗೊಬ್ಬರದ ಹುಳ ಹುಡುಕಿದ್ದು. ಕೆಸರಿನ ಹೊಂಡದ ಪಕ್ಕದ ಮರಕ್ಕೆ ಮಣ್ಣು ಮೆತ್ತಿದ್ದರೆ ಅಲ್ಲಿ ಮೈ ಉಜ್ಜಿದೆ. ಆ ಮಣ್ಣು ಇನ್ನೂ ಹಸಿಯಾಗಿದ್ದರೆ ಹಂದಿ ಹೋಗಿ ಹೆಚ್ಚು ಹೊತ್ತಾಗಿಲ್ಲ. ಬೇಲಿಯ ತಂತಿಯಲ್ಲಿ ಬಿರುಸಾದ ಕೂದಲು ಸಿಕ್ಕಿದ್ದರೆ ಅದೇ ನುಸುಳುವ ದಾರಿ. ದಿನವೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುವುದು ಹಂದಿಯ ಅಭ್ಯಾಸ. ಅದರ ಕಣ್ಣು ಅಷ್ಟು ಚುರುಕಲ್ಲ, ಕಿವಿ ಚುರುಕು, ಮೂಗಂತೂ ಬಹಳ ಚುರುಕು. ಕಾಯುವವನ ಕಡೆಯಿಂದ ಗಾಳಿ ಹಂದಿಯತ್ತ ಬೀಸಿತೋ, ಆ ರಾತ್ರಿ ನಿದ್ದೆಗೆಟ್ಟದ್ದಷ್ಟೇ ಲಾಭ.

ತುಳುನಾಡಿನಲ್ಲಿ ಹಿಂದೆ ಕೆಡ್ಡಸದ ಹೊತ್ತಿಗೆ ಊರವರೆಲ್ಲ ಸೇರಿ ಬೋಂಟೆಗೆ ಹೋಗುವ ಪದ್ಧತಿಯಿತ್ತು. ಅದೇ ಜನ ಹಂದಿಯ ರೂಪದ ಪಂಜುರ್ಲಿಯನ್ನು ಬೆಳೆ ಕಾಯುವ ದೈವವೆಂದು ನಂಬಿ ಕೋಲ ಕೊಟ್ಟರು. ಆ ಕಾಲದ ಬೋಂಟೆ ಇಂದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಾಡುಹಂದಿ ರಕ್ಷಿತ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಎರಡನೆಯ ಅನುಸೂಚಿಯಲ್ಲಿದೆ.

ಹಾಗಾದರೆ ಕೃಷಿಕನಿಗೆ ದಾರಿಯೇ ಇಲ್ಲವೇ? ಇದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಜನವಸತಿ ಪ್ರದೇಶದಲ್ಲಿ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರು, ನಗರಸಭಾಧ್ಯಕ್ಷರಂಥವರಿಗೆ ವಹಿಸಿಕೊಟ್ಟಿತು. ಗುಂಡು ಹಾರಿಸಬೇಕಾದವರು ಪರವಾನಗಿಯುಳ್ಳ ಕೋವಿದಾರರು. ವಿಷ, ಸಿಡಿಮದ್ದು, ವಿದ್ಯುತ್ ಬಳಸುವಂತಿಲ್ಲ. ಸತ್ತ ಹಂದಿಯನ್ನು ನಿಯಮದಂತೆ ವಿಲೇವಾರಿ ಮಾಡಬೇಕು, ಮಾಂಸ ಹಂಚಿಕೊಳ್ಳುವಂತಿಲ್ಲ. ಇಂಥ ಆದೇಶಗಳಿಗೆ ಅವಧಿ ಇರುತ್ತದೆ. ಈಗ ಜಾರಿಯಲ್ಲಿದೆಯೇ ಎಂದು ಪಂಚಾಯತಿನಲ್ಲಿ ಕೇಳಿಯೇ ಮುಂದುವರಿಯಿರಿ. ಕಾಸರಗೋಡಿನ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಇದೆ. ಮಲಯಾಳ ಬರೆಯಲು ಬಾರದೆಂದು ಅರ್ಜಿ ಕೊಡದೆ ಕೂರಬೇಡಿ. ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವುದನ್ನೂ ಮರೆಯಬೇಡಿ. ಇನ್ನೊಂದು ಮಾತು: ಕೇರಳದ ಅನುಮತಿ ಕೇರಳದೊಳಗೆ ಮಾತ್ರ. ಹಂದಿ ಗಡಿ ದಾಟಿ ಸುಳ್ಯದ ಕಡೆಗೆ ಓಡಿದರೆ ಕೋವಿ ಹಿಡಿದು ಹಿಂದೆ ಓಡುವಂತಿಲ್ಲ. ತಾಳವಾಡಿ, ನೀಲಗಿರಿಯ ಶ್ರೋತೃಗಳಿಗೆ ತಮಿಳುನಾಡಿನ ನಿಯಮವೇ ಬೇರೆ. ನಿಮ್ಮ ಅರಣ್ಯ ಕಚೇರಿಯಲ್ಲೇ ವಿಚಾರಿಸಬೇಕು.

ಅನುಮತಿ ಸಿಕ್ಕಿತೆನ್ನಿ. ಆಗಲೂ ಅವಸರ ಸಲ್ಲದು. ನೆಲದಲ್ಲಿ ನಿಂತು ಅಡ್ಡಕ್ಕೆ ಹಾರಿಸಿದ ಗುಂಡು ಹಂದಿಗೆ ತಪ್ಪಿದರೆ ಆಚೆಮನೆಯ ಅಂಗಳಕ್ಕೂ ತಲಪೀತು. ಅಟ್ಟಳಿಗೆಯಿಂದ ಕೆಳಮುಖವಾಗಿ ಹಾರಿಸಿದರೆ ಗುಂಡು ಮಣ್ಣು ಸೇರುತ್ತದೆ. ಅಲುಗಿದ ಪೊದೆಗೆ, ಕೇಳಿದ ಸದ್ದಿಗೆ ಎಂದೂ ಗುರಿಯಿಡಬಾರದು. ಅಲ್ಲಿರುವುದು ತೋಟ ಕಾಯುವ ನೆರೆಯವನೂ ಆಗಿರಬಹುದು. ಗಂಡುಹಂದಿಯ ಹೆಗಲಿನ ಚರ್ಮ ಬಲಿತು ದಪ್ಪನಾಗಿ ಗುರಾಣಿಯಂತಿರುತ್ತದೆ. ಸಣ್ಣ ಚರೆಯ ತೋಟೆ ಅದನ್ನು ಗಾಯಗೊಳಿಸೀತೇ ಹೊರತು ಕೊಲ್ಲಲಾರದು. ಗಾಯಗೊಂಡ ಹಂದಿಯನ್ನು ಕತ್ತಲಲ್ಲಿ ಪೊದೆಯೊಳಗೆ ಹುಡುಕಿಕೊಂಡು ಹೋಗುವುದು ಕೋರೆಗೆ ತೊಡೆ ಒಡ್ಡಿದಂತೆ. ಮರಿಗಳಿಗೆ ಹಾಲೂಡುವ ತಾಯಿಯನ್ನು ಬಿಟ್ಟುಬಿಡಿ.

ಅನುಮತಿಗೆ ಕಾಯುವ ತಾಳ್ಮೆಯಿಲ್ಲದೆ ಕೆಲವರು ಉರುಳು ಹಾಕುತ್ತಾರೆ, ಹಣ್ಣಿನೊಳಗೆ ಮದ್ದು ತುಂಬಿಸಿಡುತ್ತಾರೆ, ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುತ್ತಾರೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿ ಸಿಡಿದು, ನೀರಿನಲ್ಲಿ ನಿಂತುಕೊಂಡೇ ಪ್ರಾಣಬಿಟ್ಟ ಗಬ್ಬದ ಆನೆಯನ್ನು ನೀವು ಮರೆತಿರಲಾರಿರಿ. ಅಂಥ ಮದ್ದನ್ನು ಇಡುವುದು ಹಂದಿಗಾಗಿ ಎಂಬುದು ಆಗ ದೇಶಕ್ಕೆಲ್ಲ ತಿಳಿಯಿತು. ಉರುಳಿಗೆ ಚಿರತೆ ಬೀಳುತ್ತದೆ, ನಾಯಿ ಬೀಳುತ್ತದೆ. ಕರೆಂಟು ತಂತಿಗೆ ಬೆಳಗ್ಗೆ ಅಡಿಕೆ ಹೆಕ್ಕಲು ಹೊರಟ ಮನುಷ್ಯ ಬೀಳುತ್ತಾನೆ. ತಂತಿಗೆ ಬಂದವರು ಯಾರೆಂದು ಗೊತ್ತಾಗುವುದಿಲ್ಲ.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ತೋಟದ ಸುತ್ತಲಿನ ಪೊದೆಗಳನ್ನು ಮಳೆಗಾಲ ಮುಗಿದ ಕೂಡಲೇ ಸವರಿಸಿ. ಹಡಿಲು ಗದ್ದೆಯ ಒಡೆಯರು ಪರವೂರಲ್ಲಿದ್ದರೆ ನೆರೆಕರೆಯವರು ಸೇರಿ ಅವರಿಗೆ ತಿಳಿಸಿ. ಬಿದ್ದ ಹಲಸಿನ ಹಣ್ಣು, ಗೇರುಹಣ್ಣು ರಾಶಿ ಬೀಳಲು ಬಿಡಬೇಡಿ, ಕಸದ ಗುಂಡಿ ಮುಚ್ಚಿ. ಮರಗೆಣಸನ್ನು ಕಾಡಿನಂಚಿನಲ್ಲಿ ನೆಡದೆ ಮನೆಯ ಹತ್ತಿರ ನೆಡಿ. ಸೌರಬೇಲಿ ಹಾಕುವುದಾದರೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಹೋಗದಿರಲಿ. ಆನೆಗೆ ಕಟ್ಟಿದ ಬೇಲಿಯಡಿ ಹಂದಿ ನಿರಾಯಾಸವಾಗಿ ನುಸುಳುತ್ತದೆ. ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ತಿನ ಬಲ ಇಳಿಯುತ್ತದೆ, ಆದ್ದರಿಂದ ಅಡಿಯ ಹುಲ್ಲು ಕೀಳುತ್ತಿರಬೇಕು.

ಒಬ್ಬರೇ ಮಾಡಿದರೆ ಹಂದಿ ಪಕ್ಕದ ತೋಟಕ್ಕೆ ದಾಟುತ್ತದೆ, ಅಷ್ಟೆ. ಒಂದು ಬೈಲಿನವರೆಲ್ಲ ಕೂಡಿ ಮಾಡಿದರೆ ಹಗಲು ಮಲಗಲು ಅದಕ್ಕೆ ಅಲ್ಲಿ ಜಾಗವೇ ಉಳಿಯದು. ಆಮೇಲೂ ಬಿಡದೆ ಬರುವ ಹಂದಿಗೆ ಕೋವಿ ಇದೆ, ಕಾನೂನೂ ಇದೆ. ಕತ್ತಿ ಹಿಡಿದು ಪೊದೆ ಸವರುವ ಕೆಲಸ ಮೊದಲು ಆಗಲಿ.