ಸಾಹಿತ್ಯದ ಪರೀಕ್ಷೆಯೂ ಸಾಕಷ್ಟು ನಿದ್ದೆಯೂ

ಪದವಿ ತರಗತಿಗಳ ಸೆಮಿಸ್ಟರ್ ಪರೀಕ್ಷೆ ಸಮೀಪಿಸಿದೊಡನೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಅನೇಕ ಮನೆಗಳಲ್ಲಿ ನಡುರಾತ್ರಿ ಮೀರಿದರೂ ದೀಪ ಆರುವುದಿಲ್ಲ. ಕನ್ನಡ ಸಾಹಿತ್ಯವನ್ನು ಕೊನೆಯ ದಿನ ಓದಿದರಾಯಿತೆಂದು ಬದಿಗಿಟ್ಟ ಮಕ್ಕಳು, ಹಿಂದಿನ ರಾತ್ರಿ ಟೀ ಕುಡಿದು ನಿದ್ದೆಗೆಟ್ಟು, ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಸ್ಸು ಹತ್ತುತ್ತಾರೆ. ಪ್ರಶ್ನೆಪತ್ರಿಕೆ ಕೈಸೇರುವಾಗ ಕವಿಯ ಹೆಸರೂ ಕಾವ್ಯದ ಹೆಸರೂ ಕಲಸಿಹೋಗಿರುತ್ತವೆ. ಇದನ್ನು ದಡ್ಡತನವೆಂದು ಗದರಿಸುವ ಹಿರಿಯರುಂಟು. ಆದರೆ ದೋಷವಿರುವುದು ಓದಿನ ಕ್ರಮದಲ್ಲಿ.

ವಾರಕ್ಕೊಂದು ಗಂಟೆಯ ಪಾಠ ಇಡೀ ಸೆಮಿಸ್ಟರ್ ನಡೆದರೆ ಅದು ಒಂದು ಕ್ರೆಡಿಟ್. 3 ಕ್ರೆಡಿಟ್‌ಗಳ ಪತ್ರಿಕೆಯೆಂದರೆ 15 ವಾರಗಳಲ್ಲಿ 45 ಗಂಟೆಗಳ ಪಾಠ. ಅಷ್ಟನ್ನೂ ಒಂದು ರಾತ್ರಿಯಲ್ಲಿ ಅರಗಿಸಿಕೊಳ್ಳಲು ಮೆದುಳಿಗೆ ಸಾಧ್ಯವಿಲ್ಲ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕು. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ದೆ ಅವಶ್ಯವೆಂಬುದು ತಜ್ಞರ ಅಭಿಮತ.

ಓದುವ ರೀತಿಯೂ ಮುಖ್ಯ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಗದ್ಯಭಾಗಗಳನ್ನು ಓದಿದರು. ಒಂದು ಭಾಗವನ್ನು ಮತ್ತೆ ಓದಿದಾಗ ವಾರದ ಬಳಿಕ ಶೇ. 42ರಷ್ಟು ನೆನಪುಳಿಯಿತು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದ ಭಾಗದಲ್ಲಿ ಶೇ. 56ರಷ್ಟು ಉಳಿಯಿತು.

ನಮ್ಮ ಸೀಮೆಯಲ್ಲಿ ಈ ತತ್ತ್ವ ಹೊಸದಲ್ಲ. ಮಲೆ ಮಹದೇಶ್ವರರ ಕಾವ್ಯವನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ಇರುಳಿಡೀ ಹಾಡಬಲ್ಲರು. ಆದರೆ ಅವರು ಅದನ್ನು ಕಲಿತದ್ದು ಒಂದಿರುಳಿನಲ್ಲಲ್ಲ. ಕೇಳಿ, ಹಾಡಿ, ತಪ್ಪಿ, ತಿದ್ದಿಕೊಂಡು, ವರ್ಷಗಟ್ಟಲೆ.

ವಿದ್ಯಾರ್ಥಿಗಳೂ ಹಾಗೆಯೇ ಕಲಿಯಬಹುದು. ನಮ್ಮ ಜಿಲ್ಲೆಯ ಯಳಂದೂರಿನ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ಭಾಗ ಪಠ್ಯದಲ್ಲಿದೆಯೆಂದು ಭಾವಿಸೋಣ. ಅದು ಸಾಂಗತ್ಯದಲ್ಲಿದೆ, ಸಾಂಗತ್ಯವಾದರೋ ಹಾಡಿಗೊಗ್ಗುವ ಛಂದಸ್ಸು. ಮೊದಲ ದಿನ ಕೆಲವು ಪದ್ಯಗಳನ್ನು ಗಟ್ಟಿಯಾಗಿ ಓದಿ, ಕಠಿಣ ಪದಗಳ ಅರ್ಥ ಬರೆದುಕೊಳ್ಳಬೇಕು. ಮರುದಿನ ಪುಸ್ತಕ ಮುಚ್ಚಿ, ಭಾವಾರ್ಥವನ್ನು ಸ್ವಂತ ಮಾತಿನಲ್ಲಿ ಐದು ವಾಕ್ಯಗಳಾಗಿ ಬರೆದು, ಬಳಿಕ ಮೂಲದೊಡನೆ ಹೋಲಿಸಬೇಕು. ವಾರದ ನಂತರ ಮತ್ತೊಮ್ಮೆ ಹೀಗೆಯೇ ಮಾಡಬೇಕು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರಕ್ಕೆ ಬರುವವರು ಕುಲುಕುವ ಬಸ್ಸಿನಲ್ಲಿ ಕಣ್ಣಿಗೆ ಶ್ರಮ ಕೊಡದೆ, ಓದಿದ್ದನ್ನು ಮನಸ್ಸಿನಲ್ಲೇ ಮೆಲುಕು ಹಾಕಬಹುದು.

ಪರೀಕ್ಷೆಯ ಬೆಳಗ್ಗೆ ಉಪವಾಸ ಸಲ್ಲದು. ರೊಟ್ಟಿಯಾಗಲಿ ಇಡ್ಲಿಯಾಗಲಿ, ರೂಢಿಯ ಆಹಾರವೇ ಲೇಸು. ಸಂಜೆಯ ನಂತರ ಟೀ, ಕಾಫಿ ಬೇಡ. ಅವು ನಿದ್ದೆಯನ್ನು ಕದಡುತ್ತವೆ. ಊಟದೊಡನೆ ಕುಡಿದ ಟೀ ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಹೆಣ್ಣುಮಕ್ಕಳಲ್ಲಿ ಸದಾ ಆಯಾಸ, ಏಕಾಗ್ರತೆಯ ಕೊರತೆ ಕಂಡುಬಂದರೆ ಸೋಮಾರಿತನವೆನ್ನದೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ವೈದ್ಯರ ಸಲಹೆ ಅವಶ್ಯ.

ಪೋಷಕರಾದ ಸದ್ಭಕ್ತರಲ್ಲಿ ಒಂದು ವಿನಂತಿ. ನೆರೆಮನೆಯ ಮಗುವಿನ ಅಂಕಗಳೊಡನೆ ನಿಮ್ಮ ಮಗುವನ್ನು ತೂಗಬೇಡಿರಿ. ಒಂದು ಪತ್ರಿಕೆ ಉಳಿದರೆ ಮತ್ತೆ ಬರೆಯಲು ಅವಕಾಶವುಂಟು. ಮಗು ಊಟ, ಮಾತು ಬಿಟ್ಟು ಮಂಕಾಗಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು. ಇಂದು ರಾತ್ರಿ ಮಗುವಿನ ಕೋಣೆಯ ದೀಪ ಹೊತ್ತಿಗೆ ಸರಿಯಾಗಿ ಆರಲಿ. ನಾಳೆಯ ಓದಿಗೆ ಅದೇ ಮೊದಲ ಸಿದ್ಧತೆ.