ಒಡೆಯದಂತೆ ಕುದಿಸುವ ಮೊಸರಿನ ಆಶ್

ಇರಾನಿನಲ್ಲಿ ಅಡುಗೆ ಮಾಡುವವರಿಗೆ ‘ಆಶ್‌ಪಝ್’ ಎನ್ನುತ್ತಾರೆ. ಅಡುಗೆಮನೆ ‘ಆಶ್‌ಪಝ್‌ಖಾನಾ’. ಆಶ್ ಎಂದರೆ ಅಕ್ಕಿ, ಕಾಳು, ಸೊಪ್ಪು ಹಾಕಿ ಬೇಯಿಸಿದ ಮಂದವಾದ ಸಾರು. ಅಡುಗೆಯವರನ್ನು ರೊಟ್ಟಿಯಿಂದಾಗಲಿ ಮಾಂಸದಿಂದಾಗಲಿ ಗುರುತಿಸದೆ ಆಶ್‌ನಿಂದ ಗುರುತಿಸಿದ್ದಾರೆಂದರೆ, ಆ ನಾಡಿನ ಊಟದಲ್ಲಿ ಇದರ ಸ್ಥಾನ ಎಂಥದ್ದೆಂದು ಊಹಿಸಬಹುದು. ಹತ್ತಾರು ಬಗೆಯ ಆಶ್‌ಗಳಿವೆ. ಮೊಸರು ಮತ್ತು ಸೊಪ್ಪಿನಿಂದ ಮಾಡುವುದು ‘ಆಶೆ ಮಾಸ್ತ್’. ಮಜ್ಜಿಗೆಯಿಂದಾದರೆ ‘ಆಶೆ ದೂಗ್’.

ಇದಕ್ಕೆ ಹೆಸರುವಾಸಿಯಾದ ಊರು ಇರಾನಿನ ವಾಯವ್ಯ ಭಾಗದ ಅರ್ದಬೀಲ್. ಬೀದರಿನಲ್ಲಿ ಮದ್ರಸ ಕಟ್ಟಿಸಿದ ಮಹಮೂದ್ ಗವಾನರು ಹುಟ್ಟಿದ ಗೀಲಾನ್ ಇದರ ಪಕ್ಕದ ಪ್ರಾಂತ. ಅರ್ದಬೀಲಿನ ಹತ್ತಿರ 4,811 ಮೀಟರ್ ಎತ್ತರದ ಸಬಲಾನ್ ಪರ್ವತವಿದೆ. ಅದರ ತಪ್ಪಲಿನ ಸರೈನ್ ಪಟ್ಟಣದ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದು ಬಂದವರು, ಬೀದಿಬದಿಯ ಅಂಗಡಿಗಳಲ್ಲಿ ಬಿಸಿಬಿಸಿ ಆಶೆ ದೂಗ್ ಕುಡಿಯುತ್ತಾರೆ. ಗಡಿಯಾಚೆಯ ಅಝರ್‌ಬೈಜಾನ್ ದೇಶದಲ್ಲಿ ಇಂಥದೇ ಅಡುಗೆಗೆ ‘ದೊವ್ಗಾ’ ಎಂದು ಹೆಸರು.

ಸಬಲಾನಿನ ಹುಲ್ಲುಗಾವಲುಗಳಿಗೆ ಶಾಹ್‌ಸವನ್ ಎಂಬ ಕುರಿಗಾಹಿ ಜನರು ಬೇಸಿಗೆಯಲ್ಲಿ ಮಂದೆಯೊಂದಿಗೆ ಹೋಗುತ್ತಾರೆ. ಇಂಥ ಜನರಲ್ಲಿ ಮೊಸರನ್ನು ಚರ್ಮದ ಚೀಲಕ್ಕೆ ತುಂಬಿ, ತೂಗುಹಾಕಿ, ಅಲ್ಲಾಡಿಸಿ ಬೆಣ್ಣೆ ತೆಗೆಯುವುದು ಹೆಂಗಸರ ಕೆಲಸ. ಬೆಣ್ಣೆಗೆ ಬೆಲೆಯಿದೆ, ಅದು ಮಾರಾಟಕ್ಕೋ ಚಳಿಗಾಲದ ದಾಸ್ತಾನಿಗೋ ಹೋಗುತ್ತದೆ. ಉಳಿಯುವುದು ಮಜ್ಜಿಗೆ. ಅದರಲ್ಲಿ ಸ್ವಲ್ಪವನ್ನು ಕುಡಿಯುತ್ತಾರೆ, ಸ್ವಲ್ಪವನ್ನು ಕಾಯಿಸಿ, ಗಟ್ಟಿಮಾಡಿ, ಒಣಗಿಸಿ ‘ಕಶ್ಕ್’ ಎಂದು ಕಾದಿಡುತ್ತಾರೆ. ಇನ್ನು ಸ್ವಲ್ಪಕ್ಕೆ ಗುಡ್ಡದ ಸೊಪ್ಪು, ಹಿಡಿ ಅಕ್ಕಿ ಬಿದ್ದರೆ ಮನೆಮಂದಿಗೆಲ್ಲ ಊಟ. ಹೊಟ್ಟೆ ತುಂಬಿಸುವ ಈ ಜಾಣ್ಮೆ ಯಾವ ಅರಮನೆಯ ಬಾಣಸಿಗನದೂ ಅಲ್ಲ.

ಆದರೆ ಮೊಸರನ್ನು ಕುದಿಸುವುದು ಸುಲಭವಲ್ಲ. ಸ್ವಲ್ಪ ಎಚ್ಚರ ತಪ್ಪಿದರೂ ನೀರು ಬೇರೆ, ಗಸಿ ಬೇರೆ. ಮೊಸರು ಹುಳಿಯಾದುದರಿಂದ ಅದರಲ್ಲಿನ ಪ್ರೋಟೀನ್ ಮೊದಲೇ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಬೆಂಕಿಯ ಕಾವು ತಾಗಿದಾಗ ಇನ್ನೂ ಬಿಗಿದು, ನೀರನ್ನು ಹೊರಹಾಕಿ ಗಂಟಾಗುತ್ತದೆ. ಇದನ್ನು ತಡೆಯುವುದು ಹಿಟ್ಟು. ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ, ಪ್ರೋಟೀನ್ ಕಣಗಳ ನಡುವೆ ಸೇರಿ ಅವು ಒಂದಾಗದಂತೆ ನೋಡಿಕೊಳ್ಳುತ್ತದೆ. ನಾವು ಕಢಿಗೆ ಕಡಲೆಹಿಟ್ಟು ಕಲಸುವುದೂ, ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವುದೂ ಇದಕ್ಕಾಗಿಯೇ. ಇರಾನಿನವರು ಹಿಟ್ಟಿನ ಜೊತೆಗೆ ಒಂದು ಮೊಟ್ಟೆಯನ್ನೂ ಸೇರಿಸುತ್ತಾರೆ.

ಆರು ಜನರಿಗೆ ಒಂದು ಲೀಟರ್ ಮೊಸರು ಸಾಕು. ತೀರಾ ಹುಳಿ ಬಂದದ್ದು ಬೇಡ. ಮೊಸರು, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಮೈದಾ ಇವನ್ನು ಒಲೆ ಹಚ್ಚುವ ಮೊದಲೇ ಗಂಟಿಲ್ಲದಂತೆ ಕಡೆಯಿರಿ. ಒಂದು ಲೀಟರ್ ತಣ್ಣೀರು, ನೆನೆಸಿದ ಅರ್ಧ ಕಪ್ ನುಚ್ಚಕ್ಕಿ ಸೇರಿಸಿ ಮಧ್ಯಮ ಉರಿಯಲ್ಲಿಡಿ. ಇನ್ನು ಕುದಿ ಬರುವವರೆಗೆ ಸೌಟು ನಿಲ್ಲಿಸುವಂತಿಲ್ಲ. ಫೋನ್ ಬಂದರೂ ಸರಿ, ಬಾಗಿಲು ತಟ್ಟಿದರೂ ಸರಿ! ಒಮ್ಮೆ ಕುದಿ ಬಂದ ಮೇಲೆ ಅಷ್ಟು ಭಯವಿಲ್ಲ, ಉರಿ ಸಣ್ಣ ಮಾಡಿ ಆಗಾಗ ತಿರುವಿದರೆ ಸಾಕು.

ಕಾಬೂಲಿ ಕಡಲೆಯನ್ನು ಬೇರೆಯಾಗಿಯೇ ಮೆತ್ತಗೆ ಬೇಯಿಸಿಕೊಂಡಿರಬೇಕು, ಹುಳಿಯಲ್ಲಿ ಕಾಳು ಬೇಗ ಬೇಯುವುದಿಲ್ಲ. ಅದನ್ನೂ, ಖೀಮಾಕ್ಕೆ ಈರುಳ್ಳಿ ತುರಿದು ಹಾಕಿ ಮಾಡಿದ ಗೋಲಿಯಷ್ಟು ಸಣ್ಣ ಉಂಡೆಗಳನ್ನೂ ಹಾಕಿ. ಉಂಡೆಗಳು ಬೇಯುತ್ತ ಬಂದಾಗ ಸೊಪ್ಪಿನ ಸರದಿ. ಕೊತ್ತಂಬರಿ, ಸಬ್ಬಸಿಗೆ, ಪಾಲಕ್, ಪುದೀನ ಎಲ್ಲ ನಮ್ಮ ಸಂತೆಯಲ್ಲೇ ಸಿಗುತ್ತವೆ. ಅಲ್ಲಿನ ‘ತರೆ’ ಎಂಬ ಸೊಪ್ಪಿನ ಬದಲು ಎಳೆ ಈರುಳ್ಳಿಯ ಹಸಿರು ದಂಟು ಹಾಕಬಹುದು. ಎಲ್ಲ ಸೇರಿ ಹೆಚ್ಚಿದ ಸೊಪ್ಪು ನಾಲ್ಕೈದು ದೊಡ್ಡ ಹಿಡಿಯಾದರೂ ಇರಲಿ. ಇದು ಅಲಂಕಾರಕ್ಕೆ ಉದುರಿಸುವ ಸೊಪ್ಪಲ್ಲ, ಅಡುಗೆಯೇ ಅದು. ಉಪ್ಪು ಕೊನೆಗೆ.

ಇಳಿಸಿದ ಮೇಲೆ ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಒಲೆ ಆರಿಸಿ, ಒಣ ಪುದೀನ ಪುಡಿಯನ್ನು ಅದಕ್ಕೆ ಹಾಕಿ ಮೇಲೆ ಸುರಿಯುತ್ತಾರೆ. ಉರಿಯ ಮೇಲಿರುವಾಗಲೇ ಹಾಕಿದರೆ ಪುದೀನ ಕರಿದು ಕಹಿಯಾಗುತ್ತದೆ.

ರಮಝಾನಿನಲ್ಲಿ ಇರಾನಿನ ಇಫ್ತಾರ್ ಸುಪ್ರಾದ ಮೇಲೆ ಯಾವುದಾದರೊಂದು ಆಶ್ ಇರುವುದು ವಾಡಿಕೆ. ಮೊಸರಿನ ಆಶ್ ಖಾರವಿಲ್ಲದ್ದು, ಆದ್ದರಿಂದ ಮಕ್ಕಳಿಗೂ ವಯಸ್ಸಾದವರಿಗೂ ಕೊಡಬಹುದು. ಉಳಿದರೆ ಫ್ರಿಜ್‌ನಲ್ಲಿಡಿ. ಮರುದಿನ ಅಕ್ಕಿ ನೀರನ್ನೆಲ್ಲ ಹೀರಿ ಗಂಜಿಯಂತಾಗಿರುತ್ತದೆ. ಸ್ವಲ್ಪ ನೀರು ಬೆರೆಸಿ, ಸಣ್ಣ ಉರಿಯಲ್ಲಿ ತಿರುವುತ್ತ ಬಿಸಿ ಮಾಡಿಕೊಳ್ಳಿ.